ಇನ್‌ಸ್ಟ್ರಕ್ಷನಲ್ ಡಿಸೈನ್: ಅಮೆರಿಕದ ಯೂನಿವರ್ಸಿಟಿಯಲ್ಲಿ ಮೇಷ್ಟ್ರೋ, ಸ್ಟಾಫೋ?

"ಊರಲ್ಲಿ ಎಂಟು ವರ್ಷ ಇಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡಿದ್ದೆ. ಇಲ್ಲಿ ಎಚ್-4 ಡಿಪೆಂಡೆಂಟ್ ವೀಸಾದಲ್ಲಿ ಸುಮ್ನೆ ಕೂತಿದ್ದೀನಿ. ಈ ಇನ್‌ಸ್ಟ್ರಕ್ಷನಲ್ ಡಿಸೈನ್ ಅಂತಾರಲ್ಲ, ನನಗೆ ಆಗುತ್ತಾ?" ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಆಗುತ್ತೆ. ಆದರೆ ಆ ಹೆಸರಿನಡಿ ಎರಡು ಬೇರೆ ಬೇರೆ ನೌಕರಿಗಳಿವೆ. ಅದು ಗೊತ್ತಿಲ್ಲದೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಅಲೆಯುತ್ತಾರೆ.

ಮೊದಲು ಕೆಲಸ ಏನು ಅಂತ ನೋಡೋಣ. ಕಾಲೇಜಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುತ್ತದೆ ಅಂತ ರಾತ್ರಿಯೆಲ್ಲಾ ಕೂತು, ಯಾವ ಕೋರ್ಸಿನ ಗುರಿ ಇಡೀ ಪದವಿಯ ಯಾವ ಗುರಿಗೆ ಹೊಂದುತ್ತದೆ ಅನ್ನುವ ಸಿಒ-ಪಿಒ ಮ್ಯಾಪಿಂಗ್ ತುಂಬಿದ್ದು ನೆನಪಿದೆಯಾ? ಪ್ರಶ್ನೆ ಬರೀ ನೆನಪನ್ನು ಕೇಳುತ್ತದೋ, ಅರ್ಥವನ್ನೋ ಅಂತ ಹೇಳುವ ಬ್ಲೂಮ್ಸ್ ಮಟ್ಟವನ್ನು ಪ್ರಶ್ನೆಪತ್ರಿಕೆಯ ಪಕ್ಕದಲ್ಲಿ ಎಲ್1, ಎಲ್2 ಅಂತ ಬರೆದಿದ್ದು? ನಾವು ಅದನ್ನು ಫೈಲಿಗಾಗಿ ಮಾಡಿದೆವು. ಇಲ್ಲಿ ಅದೇ ಒಂದು ವೃತ್ತಿ. ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು, ಅದನ್ನು ಹೇಗೆ ಪರೀಕ್ಷಿಸುವುದು, ಅದಕ್ಕೆ ತಕ್ಕ ಪಾಠ ಯಾವುದು, ಕ್ಯಾನ್ವಾಸ್, ಬ್ಲ್ಯಾಕ್‌ಬೋರ್ಡ್‌ನಂಥ ಆನ್‌ಲೈನ್ ಪಾಠದ ಸಾಫ್ಟ್‌ವೇರ್‌ನಲ್ಲಿ ಅದನ್ನು ಹೇಗೆ ಜೋಡಿಸುವುದು, ಇಷ್ಟನ್ನೂ ಯೋಚಿಸುವ ಕೆಲಸ. ಜಾಹೀರಾತುಗಳಲ್ಲಿ ಪದೇ ಪದೇ ಕಾಣುವ 'ಆ್ಯಡಿ' (ADDIE: ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ) ಮಾದರಿ 1975ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟ ವಿಧಾನದಿಂದ ಬಂದದ್ದು.

ಈಗ ಆ ಎರಡು ದಾರಿ. ಮೊದಲನೆಯದು ಫ್ಯಾಕಲ್ಟಿ. ಈ ಹುದ್ದೆಗಳು ಕಾಲೇಜ್ ಆಫ್ ಎಜುಕೇಶನ್ ಒಳಗಿರುತ್ತವೆ. ವಿಭಾಗದ ಹೆಸರು ಒಂದೊಂದು ಕಡೆ ಒಂದೊಂದು. ಇಂಡಿಯಾನಾದಲ್ಲಿ ಇನ್‌ಸ್ಟ್ರಕ್ಷನಲ್ ಸಿಸ್ಟಮ್ಸ್ ಟೆಕ್ನಾಲಜಿ, ಪರ್ಡ್ಯೂನಲ್ಲಿ ಲರ್ನಿಂಗ್ ಡಿಸೈನ್ ಅಂಡ್ ಟೆಕ್ನಾಲಜಿ, ಯೂಟಾ ಸ್ಟೇಟ್‌ನಲ್ಲಿ ಇನ್‌ಸ್ಟ್ರಕ್ಷನಲ್ ಟೆಕ್ನಾಲಜಿ ಅಂಡ್ ಲರ್ನಿಂಗ್ ಸೈನ್ಸಸ್. ಒಂದೇ ಹೆಸರು ಹಾಕಿ ಹುಡುಕಿದರೆ ಅರ್ಧ ಜಾಹೀರಾತು ಕಣ್ಣಿಗೇ ಬೀಳುವುದಿಲ್ಲ. ಟೆನ್ಯೂರ್-ಟ್ರ್ಯಾಕ್, ಅಂದರೆ ಮುಂದೆ ಪರ್ಮನೆಂಟ್ ಆಗಬಹುದಾದ ಹುದ್ದೆಗೆ ಪಿಎಚ್‌ಡಿ ಬೇಕೇ ಬೇಕು. ಸಂಬಳ ಸಾಮಾನ್ಯವಾಗಿ ಒಂಬತ್ತು ತಿಂಗಳ ಲೆಕ್ಕದ್ದು, ಬೇಸಿಗೆಗೆ ಗ್ರಾಂಟನ್ನೋ ಬೇಸಿಗೆ ಕ್ಲಾಸನ್ನೋ ನೀವೇ ನೋಡಿಕೊಳ್ಳಬೇಕು. ಟೆನ್ಯೂರ್ ಅರ್ಜಿ ಸುಮಾರು ಆರನೇ ವರ್ಷಕ್ಕೆ. ಸಿಗದಿದ್ದರೆ ಸಾಮಾನ್ಯವಾಗಿ ಇನ್ನೊಂದು ವರ್ಷ ಕೊಟ್ಟು ಕಳಿಸುತ್ತಾರೆ. ಊರಿನಲ್ಲಿ ಒಮ್ಮೆ ಪರ್ಮನೆಂಟ್ ಆದರೆ ಆಯಿತು, ಇಲ್ಲಿ ಪರ್ಮನೆಂಟ್ ಆಗುವುದೇ ಆರು ವರ್ಷದ ಪರೀಕ್ಷೆ.

ಎರಡನೆಯದು ಸ್ಟಾಫ್. ಟೀಚಿಂಗ್ ಅಂಡ್ ಲರ್ನಿಂಗ್ ಸೆಂಟರ್‌ನಲ್ಲೋ ಆನ್‌ಲೈನ್ ಶಿಕ್ಷಣದ ಕಚೇರಿಯಲ್ಲೋ ಕೂತು, ಬೇರೆ ಪ್ರೊಫೆಸರ್‌ಗಳ ಕೋರ್ಸ್ ಕಟ್ಟಿಕೊಡುವ ಕೆಲಸ. ಮಾಸ್ಟರ್ಸ್ ಸಾಕು. ಹನ್ನೆರಡು ತಿಂಗಳ ಸಂಬಳ, ಟೆನ್ಯೂರ್ ತಲೆನೋವಿಲ್ಲ, ಪೇಪರ್ ಬರೆಯುವ ಒತ್ತಡವಿಲ್ಲ. ನಮ್ಮವರು ಇದನ್ನು ಸ್ವಲ್ಪ ಕೀಳಾಗಿ ನೋಡುತ್ತಾರೆ, 'ಪ್ರೊಫೆಸರ್' ಅನ್ನಿಸಿಕೊಳ್ಳುವ ಆಸೆ. ನನ್ನ ಪ್ರಕಾರ ಮಕ್ಕಳು ಚಿಕ್ಕವರಿರುವ ಮನೆಗೆ ಇದೇ ನೆಮ್ಮದಿ. ಒಂದೇ ಕಷ್ಟ: ಮೂವತ್ತು ವರ್ಷ ಪಾಠ ಮಾಡಿದ ಪ್ರೊಫೆಸರ್‌ಗೆ 'ನಿಮ್ಮ ಕ್ವಿಜ್ ಸರಿಯಿಲ್ಲ' ಅಂತ ನೋವಾಗದ ಹಾಗೆ ಹೇಳುವ ಕಲೆ ಬೇಕು.

ಅರ್ಜಿಯೂ ಬೇರೆ ಬೇರೆ. ಫ್ಯಾಕಲ್ಟಿ ಜಾಹೀರಾತುಗಳು ಹೆಚ್ಚಾಗಿ ಆಗಸ್ಟ್‌ನಿಂದ ನವೆಂಬರ್ ಒಳಗೆ ಬರುತ್ತವೆ, ಕೆಲಸ ಶುರುವಾಗುವುದು ಮುಂದಿನ ಆಗಸ್ಟ್‌ಗೆ. ಉದ್ದನೆಯ ಸಿವಿ, ಸಂಶೋಧನೆ ಮತ್ತು ಬೋಧನೆಯ ಬಗ್ಗೆ ಒಂದೊಂದು ಹೇಳಿಕೆ, ಮೂವರ ಶಿಫಾರಸು. ಮೊದಲು ಜೂಮ್ ಸಂದರ್ಶನ, ಆಮೇಲೆ ಕ್ಯಾಂಪಸ್‌ಗೆ ಕರೆದು ಒಂದೆರಡು ದಿನ ಮಾತಾಡಿಸುತ್ತಾರೆ. ಅಲ್ಲಿ 'ಜಾಬ್ ಟಾಕ್', ಅಂದರೆ ನಿಮ್ಮ ಸಂಶೋಧನೆಯ ಬಗ್ಗೆ ಕೊಡುವ ಭಾಷಣ, ಮುಖ್ಯ. ಊಟದ ಮೇಜಿನಲ್ಲೂ ನಿಮ್ಮನ್ನು ಅಳೆಯುತ್ತಿರುತ್ತಾರೆ, ಮರೆಯಬೇಡಿ. ಸ್ಟಾಫ್ ಹುದ್ದೆ ವರ್ಷವಿಡೀ ಬರುತ್ತದೆ. ಅದಕ್ಕೆ ಎರಡು ಪುಟದ ರೆಸ್ಯೂಮೆ ಮತ್ತು ಪೋರ್ಟ್‌ಫೋಲಿಯೊ ಸಾಕು. ನೀವು ಕಟ್ಟಿದ ಒಂದೆರಡು ಪಾಠ, ಯಾಕೆ ಹಾಗೆ ಕಟ್ಟಿದಿರಿ ಅನ್ನುವ ವಿವರ ಅದರಲ್ಲಿರಲಿ. ವಿಡಿಯೊಗೆ ಕ್ಯಾಪ್ಶನ್, ಚಿತ್ರಕ್ಕೆ ವಿವರಣೆಯ ಸಾಲು ತಪ್ಪದೆ ಹಾಕಿ. ಸರ್ಕಾರಿ ಯೂನಿವರ್ಸಿಟಿಗಳ ವೆಬ್ ಪಾಠಗಳು ಅಂಗವಿಕಲರಿಗೂ ಎಟುಕಬೇಕು ಅಂತ 2024ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ವಿವರವಾದ ನಿಯಮ ತಂದಿದೆ. ಸಂದರ್ಶನದಲ್ಲಿ ಈ ಪ್ರಶ್ನೆ ಬರುತ್ತದೆ.

ಎರಡಕ್ಕೂ ಒಂದು ಮಾತು: ನಮ್ಮ ಬಯೋಡೇಟಾದಲ್ಲಿರುವ ತಂದೆಯ ಹೆಸರು, ಹುಟ್ಟಿದ ದಿನಾಂಕ, ಮದುವೆಯ ವಿವರ, ಫೋಟೊ ಎಲ್ಲ ತೆಗೆದುಹಾಕಿ. ಇಲ್ಲಿ ಅದನ್ನು ಕೇಳುವುದಿಲ್ಲ, ನೋಡಿದರೆ ಅವರಿಗೇ ಮುಜುಗರ.

ಇನ್ನು ವೀಸಾ. ಅಸಲಿ ವ್ಯತ್ಯಾಸ ಇರುವುದು ಇಲ್ಲೇ. ಕೆಲಸದ ವೀಸಾ ಎಚ್-1ಬಿಗೆ ಕಂಪನಿಗಳಲ್ಲಿರುವ ಲಾಟರಿ ಯೂನಿವರ್ಸಿಟಿಗಳಿಗೆ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಹಾಕಬಹುದು. ಆದರೆ ಹಿಂದೆ ಲಾಟರಿಯಲ್ಲಿ ಆಯ್ಕೆಯಾಗಿರದಿದ್ದರೆ, ನಾಳೆ ಕಂಪನಿಗೆ ಹೋಗುವಾಗ ಅದನ್ನು ಹಾದೇ ಹೋಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಆದೇಶ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಹಾಕಿತು, ಯೂನಿವರ್ಸಿಟಿಗಳನ್ನೂ ಬಿಡಲಿಲ್ಲ. ಹಾಗಾಗಿ ಊರಿನಿಂದ ನೇರ ಅರ್ಜಿ ಹಾಕುವವರು ಆ ಹೊತ್ತಿನ ನಿಯಮ ನೋಡಿಕೊಂಡೇ ಮುಂದುವರಿಯಿರಿ.

ಗ್ರೀನ್ ಕಾರ್ಡ್ ವಿಷಯದಲ್ಲಿ ಮೇಷ್ಟ್ರಿಗೆ ಒಂದು ರಿಯಾಯಿತಿ ಇದೆ. ಕ್ಲಾಸಿನಲ್ಲಿ ಪಾಠ ಮಾಡುವ ಹುದ್ದೆಯಾದರೆ, ಬಂದವರಲ್ಲಿ ಇವರೇ ಹೆಚ್ಚು ಅರ್ಹರು ಅಂತ ಯೂನಿವರ್ಸಿಟಿ ತೋರಿಸಿದರೆ ಸಾಕು. ಆಯ್ಕೆಯಾದ 18 ತಿಂಗಳೊಳಗೆ ಆ ಅರ್ಜಿ ಹೋಗಬೇಕು. ಸ್ಟಾಫ್‌ಗೆ ಆ ದಾರಿ ಇಲ್ಲ. ಅಲ್ಲಿ ಕನಿಷ್ಠ ಅರ್ಹತೆಯಿರುವ ಒಬ್ಬ ಅಮೆರಿಕನ್ ಸಿಕ್ಕರೂ ಅರ್ಜಿ ಅಲ್ಲಿಗೇ ನಿಂತಿತು. ಅದಕ್ಕೇ ಎಷ್ಟೋ ಯೂನಿವರ್ಸಿಟಿಗಳು ಸ್ಟಾಫ್‌ಗೆ ಸ್ಪಾನ್ಸರ್ ಮಾಡುವುದೇ ಇಲ್ಲ. ಆದರೆ ಯಜಮಾನರದ್ದೋ ಹೆಂಡತಿಯದ್ದೋ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿ ನಿಮ್ಮ ಕೈಯಲ್ಲಿ ಎಚ್-4 ಇಎಡಿ, ಅಂದರೆ ಕೆಲಸ ಮಾಡುವ ಪರವಾನಗಿ, ಇದ್ದರೆ ಈ ತಲೆಬಿಸಿ ನಿಮಗಿಲ್ಲ. ಅಂಥವರು ಸ್ಟಾಫ್ ಹುದ್ದೆಯಿಂದ ಶುರು ಮಾಡುವುದೇ ವಾಸಿ. ಇಎಡಿ ಇಲ್ಲದಿದ್ದರೂ ಎಚ್-4ನಲ್ಲಿ ಓದಬಹುದು, ಮಾಸ್ಟರ್ಸ್ ಮುಗಿಸಿಕೊಳ್ಳಿ. 'ಸಂಬಳ ಬೇಡ, ಸುಮ್ನೆ ಅನುಭವಕ್ಕೆ' ಅಂತ ಕೆಲಸಕ್ಕೆ ಮಾತ್ರ ಕೂರಬೇಡಿ, ಅದು ವೀಸಾಕ್ಕೇ ಕುತ್ತು.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದಲು ಬರುವವರು ಸೇರುವ ಮೊದಲು ಕೋರ್ಸಿನ ಸಿಐಪಿ ಕೋಡ್ (ಕೋರ್ಸ್ ಯಾವ ವಿಷಯದ್ದು ಅಂತ ಗುರುತಿಸುವ ಸಂಖ್ಯೆ) ಕೇಳಿ. 13.0501 ಆದರೆ ಅದು ವಿಜ್ಞಾನ-ತಂತ್ರಜ್ಞಾನದ ಸ್ಟೆಮ್ ಪಟ್ಟಿಯಲ್ಲಿದೆ, ಓದಿದ ಮೇಲೆ ಕೆಲಸ ಮಾಡಲು ಕೊಡುವ ಒಂದು ವರ್ಷದ ಒಪಿಟಿ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಪಠ್ಯಕ್ರಮ ಹೆಚ್ಚೂ ಕಡಿಮೆ ಅದೇ ಇದ್ದರೂ ಕೆಲವು ಕಡೆ 'ಕರಿಕ್ಯುಲಮ್' ಕೋಡ್, 13.0301, ಹಾಕಿರುತ್ತಾರೆ. ಅದಕ್ಕೆ ಆ ಎರಡು ವರ್ಷ ಇಲ್ಲ.

ಆಫರ್ ಬಂದ ದಿನ ಎಚ್‌ಆರ್‌ಗೆ ಎರಡೇ ಪ್ರಶ್ನೆ ಕೇಳಿ: ಈ ಹುದ್ದೆಗೆ ಗ್ರೀನ್ ಕಾರ್ಡ್ ಸ್ಪಾನ್ಸರ್ ಮಾಡುತ್ತೀರಾ, ಯಾವಾಗ ಶುರು ಮಾಡುತ್ತೀರಿ? ಕೇಳಲು ನಾಚಿಕೆ ಬೇಡ, ಅವರಿಗೆ ಇದು ದಿನಾ ಬರುವ ಪ್ರಶ್ನೆ. ಉತ್ತರವನ್ನು ಫೋನಿನಲ್ಲಿ ಬೇಡ, ಇಮೇಲ್‌ನಲ್ಲಿ ತಗೊಳ್ಳಿ.