ಒಂದು ಪ್ಯಾಕೆಟ್, ಎರಡು ಚೀಟಿ

ಅಂಗಡಿಯಲ್ಲಿ ಸಿಗುವ ತಿಂಡಿಗಳ ರುಚಿ ನೋಡಿ ಬರೆದಿಡುವ ನಮ್ಮ ಹುಚ್ಚು ಶುರುವಾಗಿದ್ದು ಒಂದು ಜಗಳದಿಂದ. ಚಾಕೊಲೇಟ್ ಬಿಸ್ಕೆಟಿನ ಹೊಸ ಪ್ಯಾಕೆಟ್ ತಂದಿದ್ದೆವು. ನಾನು ಒಂದು ಕಚ್ಚಿ ಮುಖ ಸಿಂಡರಿಸಿದೆ. ಎದುರಿಗೆ ಕೂತಿದ್ದ ನಮ್ಮವರು ಇನ್ನೂ ಬಾಯಿಗೇ ಇಟ್ಟಿರಲಿಲ್ಲ, "ಹೌದು ಕಣೇ, ಚೆನ್ನಾಗಿಲ್ಲ" ಅಂದರು. ಮೂರು ದಿನ ಬಿಟ್ಟು ನೋಡಿದರೆ ಡಬ್ಬ ಖಾಲಿ. "ಚೆನ್ನಾಗಿಲ್ಲ ಅಂದ್ರಲ್ಲ ರೀ?" ಅಂತ ಕೇಳಿದೆ. "ನಿನ್ನ ಮುಖ ನೋಡಿ ಹಂಗಂದೆ" ಅನ್ನಬೇಕೇ!

ಅವತ್ತೇ ನಮ್ಮ ಮೊದಲ ನಿಯಮ ಹುಟ್ಟಿತು. ಮೊದಲು ಬರೆಯುವುದು, ಆಮೇಲೆ ಮಾತಾಡುವುದು. ನೀವೂ ಇಬ್ಬರು ಸೇರಿ ರುಚಿ ನೋಡುವವರಾದರೆ ಇದೊಂದನ್ನು ಬಿಡಬೇಡಿ. ಆಳಿಗೊಂದು ಚೀಟಿ, ಒಂದು ಪೆನ್ಸಿಲ್. ಎದುರುಬದುರು ಕೂರಬೇಡಿ, ಪಕ್ಕಪಕ್ಕ ಕೂತು ಗೋಡೆ ನೋಡಿ. "ಹ್ಞೂಂ", "ಅಯ್ಯೋ", ನಿಟ್ಟುಸಿರು ಎಲ್ಲಾ ಬಂದ್. ಜೊತೆಗಿರುವವರ ಹುಬ್ಬು ಮೇಲೆ ಹೋದರೂ ಸಾಕು, ನಮ್ಮ ನಾಲಗೆ ಅದರ ಹಿಂದೆ ಹೋಗುತ್ತದೆ. ಮದುವೆಯಾಗಿ ವರ್ಷಗಳಾದವರಿಗಂತೂ ಈ ಕಾಯಿಲೆ ಜಾಸ್ತಿ.

ಚೀಟಿಯಲ್ಲಿ ಏನು ಬರೆಯಬೇಕು? ಒಂದು ಅಂಕ, ಮೂರು ಮಾತು. ಅಂಕ 1ರಿಂದ 9ರವರೆಗೆ. 9 ಅಂದರೆ ತುಂಬಾ ತುಂಬಾ ಇಷ್ಟ, 1 ಅಂದರೆ ಇನ್ನೊಮ್ಮೆ ಬೇಡವೇ ಬೇಡ, 5 ಅಂದರೆ ಇಷ್ಟವೂ ಇಲ್ಲ, ಬೇಸರವೂ ಇಲ್ಲ. ಇದು ನಮ್ಮ ತಲೆಯಿಂದ ಬಂದದ್ದಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನ್ಯದ ಆಹಾರ ಸಂಶೋಧಕರು ಸೈನಿಕರಿಗೆ ಯಾವ ಊಟ ಹಿಡಿಸುತ್ತದೆ ಅಂತ ತಿಳಿಯಲು ಮಾಡಿಕೊಂಡ ಅಳತೆ. ಇವತ್ತಿಗೂ ಆಹಾರ ಕಂಪನಿಗಳ ರುಚಿ ಪರೀಕ್ಷೆಗಳಲ್ಲಿ ಇದೇ ನಡೆಯುತ್ತದೆ. ಹತ್ತಕ್ಕೆ ಅಂಕ ಕೊಡುವಾಗ ನಾವು ಎಲ್ಲದಕ್ಕೂ 7 ಕೊಟ್ಟು ಕೂರುತ್ತಿದ್ದೆವು. ಇಲ್ಲಿ ಸರಿಯಾಗಿ ನಡುವೆ 5 ಇರುವುದರಿಂದ ಅದರ ಈಚೆಯೋ, ಆಚೆಯೋ, ಇಲ್ಲಾ ಎರಡೂ ಅಲ್ಲವೋ ಅಂತ ತೀರ್ಮಾನ ಮಾಡಲೇಬೇಕು.

ಇನ್ನು ಮೂರು ಮಾತು. "ಚೆನ್ನಾಗಿದೆ", "ಸೂಪರ್", "ಪರವಾಗಿಲ್ಲ" ಇವಕ್ಕೆ ನಮ್ಮ ಮನೆಯಲ್ಲಿ ನಿಷೇಧ. ಅವು ಅಂಕದಲ್ಲೇ ಬಂದವಲ್ಲ. ಬಾಯಲ್ಲಿ ಏನಾಯಿತು ಅಂತ ಬರೆಯಿರಿ. ಹಲ್ಲಿಗೆ ಅಂಟಿತು. ಮೊದಲು ಹುಳಿ, ಕೊನೆಗೆ ಕಹಿ. ನುಂಗಿದ ಮೇಲೆ ಅಂಗುಳಲ್ಲಿ ಎಣ್ಣೆ ಉಳಿಯಿತು. ಇಷ್ಟು ಬರೆದರೆ ಆರು ತಿಂಗಳ ನಂತರ ಓದಿದರೂ ಆ ತಿಂಡಿ ಬಾಯಿಗೆ ಬರುತ್ತದೆ.

ಕೂರುವ ಮೊದಲು ಒಂದಿಷ್ಟು ತಯಾರಿ ಬೇಕು. ತುಂಬಾ ಹಸಿದಾಗ ಬೇಡ, ಆಗ ಎಲ್ಲವೂ ಅಮೃತ. ಹೊಟ್ಟೆ ತುಂಬಿದಾಗಲೂ ಬೇಡ. ಊಟವಾಗಿ ಎರಡು ಗಂಟೆ ಕಳೆದ ಹೊತ್ತು ನಮಗೆ ಸರಿಬಂದಿದೆ. ಹಲ್ಲುಜ್ಜಿದ ಕೂಡಲೇ ಕೂರಬೇಡಿ. ಟೂತ್‌ಪೇಸ್ಟಿನಲ್ಲಿ ನೊರೆ ಬರಿಸಲು ಹಾಕುವ ಪದಾರ್ಥ ಸಿಹಿಯನ್ನು ಮಂಕು ಮಾಡಿ ಕಹಿಯನ್ನು ಎತ್ತಿ ತೋರಿಸುತ್ತದೆ. ಒಮ್ಮೆ ನಾನು ಹಾಗೆ ಕೂತು ಒಳ್ಳೆಯ ಕಿತ್ತಳೆ ಜ್ಯೂಸಿಗೆ 2 ಕೊಟ್ಟಿದ್ದೆ, ಪಾಪ. ಒಂದು ತಿಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ಉಗುರುಬೆಚ್ಚಗಿನ ನೀರು ಕುಡಿಯಿರಿ, ಉಪ್ಪಿಲ್ಲದ ಸಪ್ಪೆ ಬಿಸ್ಕೆಟ್ ಒಂದು ಚೂರು ತಿನ್ನಿ. ಖಾರದ್ದಾದರೆ ನೀರು ಸಾಲದು, ಒಂದು ಗುಟುಕು ಹಾಲು ಕುಡಿಯಿರಿ. ಖಾರ ಕೊಡುವ ಅಂಶ ನೀರಿನಲ್ಲಿ ಕರಗುವುದಿಲ್ಲ. ಹಾಲಿನ ಪ್ರೋಟೀನ್ ಅದನ್ನು ಹಿಡಿದುಕೊಂಡು ಹೋಗುತ್ತದೆ. ಆದರೂ ಖಾರದ ಚಿಪ್ಸನ್ನು ಕೊನೆಗೇ ಇಡಿ.

ತಣ್ಣಗಿರುವುದನ್ನು ಎಷ್ಟು ತಣ್ಣಗೆ ತಿನ್ನುತ್ತೀರಿ ಅನ್ನುವುದೂ ಮುಖ್ಯ. ಐಸ್‌ಕ್ರೀಂ ಕರಗಿದಾಗ ಕುಡಿದು ನೋಡಿ, ವಿಪರೀತ ಸಿಹಿ. ತಣ್ಣಗಿರುವಾಗ ನಾಲಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಅದಕ್ಕೇ ಅಷ್ಟು ಸಕ್ಕರೆ ಹಾಕಿರುತ್ತಾರೆ. ಹಾಗಾಗಿ ಎರಡು ಮೊಸರನ್ನು ಹೋಲಿಸುವುದಾದರೆ ಎರಡನ್ನೂ ಫ್ರಿಜ್ಜಿನಿಂದ ಒಟ್ಟಿಗೇ ತೆಗೆಯಿರಿ. ಇನ್ನೊಂದು ಆಟ: ಮೊದಲ ತುತ್ತನ್ನು ಮೂಗು ಹಿಡಿದುಕೊಂಡು ತಿನ್ನಿ, ನಡುವೆ ಬಿಡಿ. ಮೂಗು ಮುಚ್ಚಿದಾಗ ಸಿಹಿ, ಹುಳಿ, ಉಪ್ಪು, ಕಹಿ ಇಂಥ ನಾಲಗೆಯ ರುಚಿಗಳು ಮಾತ್ರ ಗೊತ್ತಾಗುತ್ತವೆ. ಬಿಟ್ಟ ಕ್ಷಣ ಸ್ಟ್ರಾಬೆರಿಯೋ ವೆನಿಲ್ಲಾವೋ ತಟ್ಟನೆ ಬರುತ್ತದೆ. ಮೂಗು ಬಿಟ್ಟ ಮೇಲೂ ಏನೂ ಬರದಿದ್ದರೆ ಆ ಪ್ಯಾಕೆಟ್ಟಿನಲ್ಲಿ ಬಣ್ಣ ಮತ್ತು ಸಕ್ಕರೆ ಬಿಟ್ಟು ಹೆಚ್ಚೇನೂ ಇಲ್ಲ ಅಂತ ನನ್ನ ಲೆಕ್ಕ.

ಈಗ ಕವರಿನ ವಿಷಯ. ಹಿಂದೆಲ್ಲಾ ಅಂಗಡಿಯವರೇ ಒಳಗಿನಿಂದ ಸಾಮಾನು ತೆಗೆದು ಕೊಡುತ್ತಿದ್ದರು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವರು ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆಗೆದು, ಗಿರಾಕಿಗಳೇ ಬುಟ್ಟಿ ಹಿಡಿದು ಒಳಗೆ ಓಡಾಡಿ ಆರಿಸಿಕೊಳ್ಳಲಿ ಅಂತ ಬಿಟ್ಟರು. ಹೇಳುವವರು ಇಲ್ಲದ ಮೇಲೆ ಪ್ಯಾಕೆಟ್ಟೇ ಮಾತಾಡಬೇಕಾಯಿತು. ಅದು ಇವತ್ತಿಗೂ ನಮ್ಮ ಕಿವಿಯಲ್ಲಿ ಕೂಗುತ್ತಲೇ ಇದೆ. ಅದರ ಬಾಯಿ ಮುಚ್ಚಿಸದೆ ರುಚಿ ನೋಡಿದರೆ ನೀವು ಅಂಕ ಕೊಡುವುದು ಚಿತ್ರಕ್ಕೆ.

ಅದಕ್ಕೇ ಒಬ್ಬರು ಬಡಿಸುವವರು, ಒಬ್ಬರು ತಿನ್ನುವವರು. ಆಮೇಲೆ ಅದಲು ಬದಲು. ಒಂದೇ ಥರದ ಬಟ್ಟಲುಗಳಿಗೆ 1, 2 ಅಂತ ಹೆಸರಿಡಬೇಡಿ. 1 ಅಂದರೆ ಮನಸ್ಸು ಮೊದಲ ಸ್ಥಾನ ಅಂದುಕೊಳ್ಳುತ್ತದೆ. 482, 719 ಹೀಗೆ ಅರ್ಥವಿಲ್ಲದ ಮೂರಂಕಿ ಬರೆಯಿರಿ, ಪ್ರಯೋಗಾಲಯಗಳಲ್ಲೂ ಹಾಗೇ ಮಾಡುತ್ತಾರೆ.

"ಇದಕ್ಕೂ ಅದಕ್ಕೂ ವ್ಯತ್ಯಾಸ ನನಗೆ ಗೊತ್ತಾಗುತ್ತದೆ" ಅಂತ ಒಬ್ಬರು ಎದೆ ತಟ್ಟಿ ಹೇಳಿದಾಗ ಏನು ಮಾಡುವುದು? ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಇದೇ ಆಯಿತು. ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಕಪ್ಪಿಗೆ ಹಾಲು ಮೊದಲು ಹಾಕಿದರೋ ಟೀ ಮೊದಲು ಹಾಕಿದರೋ ಕುಡಿದೇ ಹೇಳುತ್ತೇನೆ ಅಂದರು. ಜೊತೆಗಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ನಕ್ಕರು. ವಿಲಿಯಂ ರೋಚ್ ಅನ್ನುವವರು ಪರೀಕ್ಷೆ ಮಾಡಿಯೇಬಿಡೋಣ ಅಂದರು. ಎಂಟು ಕಪ್, ನಾಲ್ಕು ಹೀಗೆ, ನಾಲ್ಕು ಹಾಗೆ. ಸುಮ್ನೆ ಊಹಿಸಿ ಎಂಟನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ ಒಂದು. ಆಕೆ ಎಲ್ಲವನ್ನೂ ಸರಿಯಾಗಿ ಹೇಳಿದರು ಅಂತ ಕಥೆ. ನನಗೆ ಇಷ್ಟವಾಗಿದ್ದು ಅದಲ್ಲ. ಬ್ರಿಸ್ಟಲ್ ಆಮೇಲೆ ಮದುವೆಯಾಗಿದ್ದು ಆ ರೋಚ್ ಅವರನ್ನೇ! ಕಪ್ ತುಂಬಿಸಿ ಪರೀಕ್ಷೆ ಮಾಡುವ ಗಂಡ ಹೊಸಬನೇನೂ ಅಲ್ಲ ನೋಡಿ.

ನಮ್ಮ ಮನೆಯಲ್ಲಿ ಮೂರು ಬಟ್ಟಲು ಸಾಕು. ಎರಡರಲ್ಲಿ ಒಂದೇ ಸಾಸ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಬಟ್ಟಲುಗಳ ಜಾಗ ಬದಲಿಸುತ್ತಾ ಆರು ಸಲ ಮಾಡಿ. ಸುಮ್ನೆ ಊಹಿಸಿದರೂ ಸರಾಸರಿ ಎರಡು ಸಲ ಸರಿಯಾಗುತ್ತದೆ. ಐದು ಸಲ ಅಥವಾ ಆರಕ್ಕೆ ಆರು ಸರಿಯಾದರೆ ನಂಬಬಹುದು, ಊಹೆಯಿಂದ ಅದಾಗುವುದು ನೂರರಲ್ಲಿ ಎರಡು ಸಲ ಮಾತ್ರ. ಅಂಗಡಿಯವರದೇ ಹೆಸರಿನ ಟೊಮ್ಯಾಟೊ ಸಾಸ್ ಬಾಯಿಗಿಡಲು ಆಗುವುದಿಲ್ಲ ಅಂತ ನಮ್ಮವರು ವರ್ಷಗಟ್ಟಲೆ ಹೇಳಿದ್ದರು. ಆರಕ್ಕೆ ಎರಡು ಬಂತು. "ಲೈಟ್ ಸರಿಯಿರಲಿಲ್ಲ" ಅಂದರು. ರುಚಿಗೂ ಲೈಟಿಗೂ ಏನು ಸಂಬಂಧ ಅಂತ ಕೇಳಲಿಲ್ಲ. ಅವತ್ತಿನಿಂದ ಮನೆಗೆ ಅದೇ ಸಾಸ್ ಬರುತ್ತಿದೆ.

ಅಂಕ ಕೊಟ್ಟಾದ ಮೇಲೆಯೇ ಲೇಬಲ್ ಓದಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಹಣ್ಣಿನ ಚಿತ್ರ ದೊಡ್ಡದಾಗಿದ್ದು ಹಣ್ಣು ಪಟ್ಟಿಯ ಆರನೇ ಜಾಗದಲ್ಲಿದ್ದರೆ ಬರೆದುಕೊಳ್ಳಿ. ಎರಡು ಪ್ಯಾಕೆಟ್ ಹೋಲಿಸುವಾಗ 100 ಗ್ರಾಂ ಲೆಕ್ಕವನ್ನೇ ನೋಡಿ. "ಒಂದು ಸರ್ವಿಂಗ್" ಅನ್ನುವುದು ಒಂದು ಕಂಪನಿಗೆ ಎರಡು ಬಿಸ್ಕೆಟ್, ಇನ್ನೊಂದಕ್ಕೆ ನಾಲ್ಕು. ಸೋಡಿಯಂ ಅಂತ ಇದ್ದರೆ ಎರಡೂವರೆಯಿಂದ ಗುಣಿಸಿ, ಅದೇ ಉಪ್ಪು. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇಷ್ಟೆಲ್ಲಾ ಮಾಡಿಯೂ ನಾವು ಒಂದು ಕಡೆ ಎಡವಿದೆವು. ಒಂದು ಬಾದಾಮಿ ಐಸ್‌ಕ್ರೀಂ. ಚೀಟಿಯಲ್ಲಿ ನಾನು 2, ಅವರು 3. "ನಾಲಗೆಗೆ ಮರಳು ಮರಳು" ಅಂತ ಇಬ್ಬರೂ ಬೇರೆಬೇರೆಯಾಗಿ ಬರೆದಿದ್ದೆವು. ಪುಸ್ತಕದಲ್ಲಿ ಕೆಂಪು ಗೆರೆ ಬಿತ್ತು. ಕೆಲವು ವಾರ ಕಳೆದು ಅದೇ ಅಂಗಡಿಯ ಬೇರೆ ಬ್ರ್ಯಾಂಚಿಗೆ ಹೋದಾಗ ನಮ್ಮವರು ಅದನ್ನೇ ಮತ್ತೆ ಬುಟ್ಟಿಗೆ ಹಾಕಿದರು. ನಾನು ಬೈದೆ. ಮನೆಗೆ ತಂದು ತಿಂದರೆ ಬೆಣ್ಣೆ! ನಾನು 8 ಕೊಟ್ಟೆ.

ತಪ್ಪು ಐಸ್‌ಕ್ರೀಮಿನದ್ದಾಗಿರಲಿಲ್ಲ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಬಾಗಿಲು ಸರಿಯಾಗಿ ಮುಚ್ಚದೆಯೋ, ಸಾಮಾನು ಇಳಿಸುವಾಗ ಹೊರಗೆ ಕಾದೋ ಅದು ಸ್ವಲ್ಪ ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣಗಿದ್ದ ಐಸ್ ಹರಳುಗಳು ದಪ್ಪವಾಗುತ್ತವೆ. ಅದೇ ನಾಲಗೆಗೆ ಸಿಕ್ಕ ಮರಳು. ಆವತ್ತು ಹಳೇ ಡಬ್ಬದ ಮುಚ್ಚಳದ ಒಳಗೆ ಹಿಮದ ಪದರ ಕಟ್ಟಿದ್ದನ್ನು ಇಬ್ಬರೂ ನೋಡಿದ್ದೆವು, ನೋಡಿಯೂ ತಲೆಗೆ ಹೋಗಿರಲಿಲ್ಲ.

ಅಂದಿನಿಂದ ಕಡಿಮೆ ಅಂಕ ಬಂದ ಯಾವುದನ್ನೂ ಇನ್ನೊಂದು ಬ್ರ್ಯಾಂಚಿನಿಂದ ತಂದು ತಿನ್ನದೆ ಬೈಯುವುದಿಲ್ಲ. ಬ್ರ್ಯಾಂಚುಗಳಿಗೆ ಹೋಗುವುದರ ಅರ್ಥವೇ ಇದು. ಬರೀ ಹೊಸ ಜಾಗ ನೋಡುವ ಖುಷಿಯೂ ಇದೆ, ಸುಳ್ಳು ಯಾಕೆ. ಆದರೆ ಒಂದೇ ತಿಂಡಿ ಎರಡು ಕಡೆ ಎರಡು ಥರ ಇರುವುದನ್ನು ಹಿಡಿದಾಗ ಸಿಗುವ ಖುಷಿಯೇ ಬೇರೆ.

ಹೊಸ ಬ್ರ್ಯಾಂಚಿಗೆ ಹೋದ ಕೂಡಲೇ ನಾವು ಮೊದಲು ಏನೂ ತೆಗೆದುಕೊಳ್ಳದೆ ಒಂದು ಸುತ್ತು ಹಾಕುತ್ತೇವೆ. ನಾನು ಫ್ರೀಜರ್ ಕಡೆ, ಅವರು ಬ್ರೆಡ್ ಕಡೆ. ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ ಎತ್ತಿ ಅಲ್ಲಾಡಿಸುತ್ತೇನೆ. ಕಾಳು ಕಾಳಾಗಿ ಸದ್ದು ಮಾಡಿದರೆ ಸರಿ. ಇಟ್ಟಿಗೆಯಂತೆ ಒಂದೇ ಮುದ್ದೆಯಾಗಿದ್ದರೆ ಅದು ಎಲ್ಲೋ ಕರಗಿ ಮತ್ತೆ ಕಟ್ಟಿದೆ, ಅವತ್ತು ಅಲ್ಲಿ ಐಸ್‌ಕ್ರೀಂ ಇಲ್ಲ. ಅವರು ಬ್ರೆಡ್ ಸಾಲಿನಲ್ಲಿ ಮುಂದಿನ ಮತ್ತು ಹಿಂದಿನ ಪ್ಯಾಕೆಟ್‌ಗಳ ದಿನಾಂಕ ನೋಡುತ್ತಾರೆ. ಹಳೆಯದು ಮುಂದೆ, ಹೊಸದು ಹಿಂದೆ ಇದ್ದರೆ ಅಲ್ಲಿ ಕೆಲಸದವರು ಸರಿಯಾಗಿ ಜೋಡಿಸುತ್ತಿದ್ದಾರೆ ಅಂತ. ಎರಡೂ ಕಲಸಿಹೋಗಿದ್ದರೆ ಪ್ರತಿ ಪ್ಯಾಕೆಟ್ ತಿರುಗಿಸಿ ನೋಡಿಯೇ ಕೊಳ್ಳಬೇಕು. ಗಿರಾಕಿ ಜಾಸ್ತಿ ಇರುವ ಬ್ರ್ಯಾಂಚಿನಲ್ಲಿ ಸಾಮಾನು ಬೇಗ ಖಾಲಿಯಾಗುವುದರಿಂದ ತಾಜಾ ಸಿಗುತ್ತದೆ. ದೊಡ್ಡ ಬ್ರ್ಯಾಂಚ್ ಅಂದ ಮಾತ್ರಕ್ಕೆ ತಾಜಾ ಅಂತಲ್ಲ. ಬೆಳಕು ಜಾಸ್ತಿ ಬೀಳುವ ಕಿಟಕಿ ಪಕ್ಕದ ಎಣ್ಣೆ ಬಾಟಲಿ, ಕಡಲೆಬೀಜದ ಡಬ್ಬ ಬೇಡ. ಬೆಳಕಿಗೆ ಎಣ್ಣೆ ಕಮಟುತ್ತದೆ.

ಅಂಗಡಿಯೊಳಗೆ ಪ್ಯಾಕೆಟ್ ಒಡೆಯಬೇಡಿ, ಕೆಲಸದವರ ಫೋಟೋ ತೆಗೆಯಬೇಡಿ. ಅವರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: "ಇದು ಯಾವತ್ತು ಬರುತ್ತೆ?" ಆ ದಿನ ಹೋಗಿ. ತಣ್ಣನೆಯದನ್ನು ಕೊನೆಗೆ ಬುಟ್ಟಿಗೆ ಹಾಕಿ, ಜೊತೆಗೊಂದು ಥರ್ಮಲ್ ಚೀಲ ಇರಲಿ. ದಾರಿಯಲ್ಲಿ ನೀವೇ ಕರಗಿಸಿಬಿಟ್ಟು ಬ್ರ್ಯಾಂಚನ್ನು ಬೈದರೆ ಹೇಗೆ?

ಮನೆಗೆ ಬಂದ ಮೇಲೆ ಚೀಟಿಯ ಹಿಂಬದಿಯಲ್ಲಿ ಬ್ರ್ಯಾಂಚ್, ಕೊಂಡ ದಿನ, ಬ್ಯಾಚ್ ನಂಬರ್, ಕೊನೆಯ ದಿನಾಂಕ ಬರೆಯಿರಿ. ಬ್ಯಾಚ್ ನಂಬರ್ ಮುಖ್ಯ. ಎರಡು ಬ್ರ್ಯಾಂಚಿನಲ್ಲೂ ಒಂದೇ ಬ್ಯಾಚ್ ಇದ್ದು ರುಚಿ ಬೇರೆಯಾದರೆ ಅನುಮಾನ ಬ್ರ್ಯಾಂಚಿನ ಮೇಲೆ, ಇಲ್ಲವೇ ದಾರಿಯ ಮೇಲೆ. ಬ್ಯಾಚ್ ಬೇರೆಯಾದರೆ ಕಾರ್ಖಾನೆಯಲ್ಲೇ ಏನೋ ಬದಲಾಗಿರಬಹುದು. ಹೀಗೆ ಬರೆಯದೆ ನಾವು ಮೊದಲ ವರ್ಷದ ಅರ್ಧ ಪುಸ್ತಕ ಹಾಳು ಮಾಡಿಕೊಂಡೆವು.

ಕೊನೆಗೆ ಅಭಿಪ್ರಾಯ ಬರೆಯುವಾಗ ಇಬ್ಬರ ಅಂಕ ಕೂಡಿಸಿ ಎರಡರಿಂದ ಭಾಗಿಸಬೇಡಿ. ನಾನು 8, ಅವರು 2 ಕೊಟ್ಟ ಖಾರದ ಚೀಸ್ 5ರ ತಿಂಡಿ ಅಲ್ಲವೇ ಅಲ್ಲ. ಅದು ಕೆಲವರು ಹುಡುಕಿಕೊಂಡು ಹೋಗುವ, ಕೆಲವರು ಓಡಿಹೋಗುವ ತಿಂಡಿ. ಎರಡು ಅಂಕ, ಎರಡು ಕಾರಣ, ಹಾಗೇ ಬಿಡಿ. ಓದುವವರಿಗೆ ತಮ್ಮ ನಾಲಗೆ ಯಾರ ಪಕ್ಷ ಅಂತ ನಾಲ್ಕು ತಿಂಡಿಗಳಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಕಹಿ ಅಂದರೆ ನಾನು, ಹುಳಿ ಅಂದರೆ ಅವರು.

ಉಳಿದ ಅರ್ಧ ಪ್ಯಾಕೆಟ್‌ಗಳದ್ದೇ ದೊಡ್ಡ ತಲೆನೋವು. ಗಾಳಿಯಾಡದ ಡಬ್ಬದಲ್ಲಿ ಹಾಕಿ ಒಂದು ವಾರ ಬಿಟ್ಟು ಇನ್ನೊಂದು ಚೀಟಿ ಬರೆಯಿರಿ, ಕೆಲವು ತಿಂಡಿಗಳ ನಿಜ ಬಣ್ಣ ಆಗ ಗೊತ್ತಾಗುತ್ತದೆ. ಬ್ರೆಡ್ಡನ್ನು ಮಾತ್ರ ಫ್ರಿಜ್ಜಿಗೆ ಹಾಕಬೇಡಿ, ಅಲ್ಲಿ ಹೊರಗಿಗಿಂತ ಬೇಗ ಒರಟಾಗುತ್ತದೆ. ಬಿಸ್ಕೆಟ್ಟನ್ನೂ ಬ್ರೆಡ್ಡನ್ನೂ ಒಂದೇ ಡಬ್ಬದಲ್ಲಿ ಇಡಲೂಬೇಡಿ. ಬ್ರೆಡ್ಡಿನ ತೇವವನ್ನು ಬಿಸ್ಕೆಟ್ ಎಳೆದುಕೊಳ್ಳುತ್ತದೆ. ಬೆಳಗ್ಗೆ ನೋಡಿದರೆ ಬ್ರೆಡ್ ಗಟ್ಟಿ, ಬಿಸ್ಕೆಟ್ ಮೆತ್ತಗೆ. ಹಾಗೆ ಇಟ್ಟಿದ್ದು ಯಾರು ಅಂತ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.