ವಿಪಲ್ ಸರ್ಜರಿ ಆದ ಮೇಲೆ ಊಟ ಮೈಗೆ ಹತ್ತಬೇಕೆಂದರೆ

ನಮ್ಮ ಅಪ್ಪ ವಿಪಲ್ ಸರ್ಜರಿ (ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿಯ ಆಪರೇಷನ್) ಮುಗಿಸಿ ಮನೆಗೆ ಬಂದ ಮೇಲೆ ತಿಂದಿದ್ದು ಒಂದೂ ಮೈಗೆ ಹತ್ತುತ್ತಿರಲಿಲ್ಲ. ಪಂಚೆ ಸಡಿಲ ಆಗುತ್ತಾ ಹೋಯಿತು. ಊಟ ಅರಗಲು ಕ್ಯಾಪ್ಸೂಲ್ ಕೊಡುತ್ತಿದ್ದೆವು, ಆದರೆ ಊಟ ಆದ ಮೇಲೆ, ಬಿಪಿ ಮಾತ್ರೆ ಜೊತೆ. ಎಡವಿದ್ದು ಅಲ್ಲೇ.

ಈ ಆಪರೇಷನ್‌ನಲ್ಲಿ ಪ್ಯಾಂಕ್ರಿಯಾಸ್‌ನ ತಲೆ ಭಾಗ, ಸಣ್ಣ ಕರುಳಿನ ಶುರುವಿನ ಭಾಗ, ಪಿತ್ತಕೋಶ ಎಲ್ಲಾ ತೆಗೆಯುತ್ತಾರೆ. ಜಿಡ್ಡು ಅರಗಿಸುವ ರಸ ಆಮೇಲೆ ಸಾಲದೆ ಹೋಗಬಹುದು. ಗೊತ್ತಾಗೋದು ಹೇಗೆ? ಕಮೋಡ್ ನೋಡಿ. ಮಲ ಬಿಳಿಚಿಕೊಂಡು, ಎಣ್ಣೆ ಎಣ್ಣೆಯಾಗಿ, ತೇಲುತ್ತಾ, ಎರಡು ಸಲ ಫ್ಲಶ್ ಮಾಡಿದರೂ ಅಂಟಿಕೊಂಡೇ ಇದ್ದು ತುಂಬಾ ನಾತ ಬರುತ್ತಿದ್ದರೆ ರಸ ಸಾಲುತ್ತಿಲ್ಲ ಅಂತ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಡೋಸ್ ಅವರೇ ಹೊಂದಿಸುತ್ತಾರೆ.

ಈ ರಸದ ಬದಲಿಗೆ ಕೊಡುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ 10,000, 25,000 ಯೂನಿಟ್ ಹೀಗೆ ಬರುತ್ತೆ. ಮೊದಲ ತುತ್ತಿನ ಜೊತೆಗೇ ನುಂಗಬೇಕು. ಒಂದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದು ಊಟದ ಮಧ್ಯೆ. ಅನ್ನದ ಜೊತೆ ಜೊತೆಗೇ ಹೊಟ್ಟೆಯಲ್ಲಿ ಬೆರೆಯಬೇಕು, ಅಲ್ವಾ? ಒಂದು ಲೋಟ ಹಾಲು ಕುಡಿದರೂ, ವಡೆ ತಿಂದರೂ ಬೇಕು. ನುಂಗಲು ಆಗದಿದ್ದರೆ ಬಿಚ್ಚಿ, ಒಳಗಿನ ಸಾಸಿವೆಗಿಂತ ಸಣ್ಣ ಕಾಳುಗಳನ್ನು ಬೇಯಿಸಿ ಆರಿಸಿ ಹಿಸುಕಿದ ಸೇಬಿನಲ್ಲಿ ಬೆರೆಸಿ ಕೊಡಿ. ಕಾಳು ಅಗಿಯಬಾರದು, ಬಿಸಿ ಅನ್ನಕ್ಕೆ ಹಾಕಬಾರದು, ಮೇಲೆ ನೀರು ಕುಡಿಸಿ. ಇದನ್ನು ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡುತ್ತಾರೆ. ಸಸ್ಯಾಹಾರಿಗಳ ಮನೆಯಲ್ಲಿ ಮನಸ್ಸು ಹಿಂಜರಿಯುವುದು ಸಹಜ. ಆದರೆ ಸುಮ್ನೆ ನಿಲ್ಲಿಸಿಬಿಡಬೇಡಿ, ಡಾಕ್ಟರ ಹತ್ತಿರ ಮಾತಾಡಿ.

ಮೂರು ಹೊತ್ತಿನ ದೊಡ್ಡ ಊಟ ಬಿಟ್ಟು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ರಾಗಿ ಗಂಜಿ, ಮೊಸರನ್ನ, ಇಡ್ಲಿ, ತಿನ್ನುವವರಿಗೆ ಮೊಟ್ಟೆ. ತುಪ್ಪ ಪೂರ್ತಿ ನಿಲ್ಲಿಸಿದರೆ ತೂಕ ಇನ್ನೂ ಇಳಿಯಬಹುದು, ಕ್ಯಾಪ್ಸೂಲ್ ಸರಿಹೋಗುವುದೇ ಮುಖ್ಯ.

ಮೊದಲು ಇಲ್ಲದ ಶುಗರ್ ಹೊಸದಾಗಿ ಬರಬಹುದು, ಪರೀಕ್ಷೆ ಮಾಡಿಸುತ್ತಿರಿ. ಇನ್ಸುಲಿನ್ ತಗೊಳ್ಳುವವರಿಗೆ ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ನೀರು ಕೊಡಿ.

ಚಳಿ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ಯಾಂಕ್ರಿಯಾಸ್‌ನ ಬಾಲದ ಕಡೆ ಆಪರೇಷನ್ ಆಗಿ ಗುಲ್ಮವನ್ನೂ (ಸ್ಪ್ಲೀನ್) ತೆಗೆದಿದ್ದರೆ ಯಾವ ಜ್ವರವನ್ನೂ ಮನೆಯಲ್ಲಿಟ್ಟುಕೊಂಡು ಕಾಯಬೇಡಿ, ನ್ಯುಮೋಕಾಕಲ್ ಲಸಿಕೆ (ನ್ಯುಮೋನಿಯಾದಂಥ ಸೋಂಕು ತಡೆಯುವ ಚುಚ್ಚುಮದ್ದು) ಆಗಿದೆಯಾ ಅಂತಲೂ ಕೇಳಿ.

ನಾವು ಪ್ರತಿ ಸೋಮವಾರ ಬೆಳಿಗ್ಗೆ ಅಪ್ಪನ ತೂಕ ನೋಡಿ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆವು. ಚೆಕಪ್‌ಗೆ ಹೋಗುವಾಗ ಆ ಕ್ಯಾಲೆಂಡರನ್ನೇ ಸುತ್ತಿಕೊಂಡು ಹೋಗುತ್ತಿದ್ದೆವು.