ಆರ್ಡುಯಿನೋ ಜಿಪಿಐಬಿ ಬೋರ್ಡಿಗೆ ಬಸ್ ಟ್ರಾನ್ಸೀವರ್ ಹಾಕುವವರಿಗೆ

ಹಳೇ ಮಲ್ಟಿಮೀಟರ್, ಸಿಗ್ನಲ್ ಜನರೇಟರ್ ತಂದು ಜಿಪಿಐಬಿ ಬಸ್ಸಿನಲ್ಲಿ (ಹಲವು ಅಳತೆ ಉಪಕರಣಗಳು ಹಂಚಿಕೊಳ್ಳುವ ಒಂದೇ ತಂತಿಗಳ ಗುಂಪು) ಆರ್ಡುಯಿನೋಗೆ ಜೋಡಿಸುವವರು ಮೈಸೂರಿನಲ್ಲಿ ಇನ್ನೂ ಇದ್ದೀರಿ ಅಲ್ವಾ, ನಿಮಗೇ ಇದು. ಒಂದೇ ಮೀಟರ್, ಗಿಡ್ಡ ಕೇಬಲ್ ಇದ್ದರೆ ಪಿನ್‌ಗಳನ್ನು ನೇರವಾಗಿ ಕೊಟ್ಟರೂ ನಡೆಯುತ್ತೆ. ಉಪಕರಣ ಜಾಸ್ತಿ ಆದ್ರೆ ಕಷ್ಟ. ಬಸ್ ಡ್ರೈವರ್ 48 ಮಿಲಿಆಂಪ್ ಎಳೆಯಬೇಕು ಅನ್ನೋದು ಸ್ಟ್ಯಾಂಡರ್ಡ್, ಆದರೆ ಆರ್ಡುಯಿನೋ ಊನೋ ಬೋರ್ಡಿನ ಒಂದು ಪಿನ್ನಿಗೆ ಗರಿಷ್ಠ ಮಿತಿಯೇ 40. ಬೋರ್ಡಿನ ಪವರ್ ತೆಗೆದರೂ ಬಸ್ಸಿನಿಂದ ಕರೆಂಟ್ ಒಳಗೆ ನುಗ್ಗಿ ಚಿಪ್ ಅರ್ಧಂಬರ್ಧ ಎದ್ದು ಕೂತು ಉಳಿದವರ ಮಾತಿಗೂ ಅಡ್ಡ ಬರುತ್ತೆ.

ಅದಕ್ಕೇ ನಡುವೆ ಬಸ್ ಟ್ರಾನ್ಸೀವರ್ ಬೇಕು, ಅಂದ್ರೆ ಸಿಗ್ನಲ್ಲನ್ನು ಎರಡೂ ದಿಕ್ಕಿಗೆ ದಾಟಿಸುವ ಚಿಪ್. ಡೇಟಾದ 8 ಲೈನಿಗೆ ಎಸ್ಎನ್75160, ಕಂಟ್ರೋಲಿನ 8 ಲೈನಿಗೆ ಎಸ್ಎನ್75161 ಹಾಕಿ. ಟರ್ಮಿನೇಶನ್ ರೆಸಿಸ್ಟರ್ ಒಳಗೇ ಇದೆ, ಬೇರೆ ಬೇಡ. ನಿಮ್ಮ ಬೋರ್ಡ್ ಯಾವಾಗಲೂ ಕಂಟ್ರೋಲರ್ ಆಗಿದ್ದರೆ 75161ರ ಡಿಸಿ (ಡೈರೆಕ್ಷನ್ ಕಂಟ್ರೋಲ್) ಪಿನ್ ಗ್ರೌಂಡಿಗೆ ಕಟ್ಟಿಬಿಡಿ. ಎರಡೂ ಚಿಪ್ಪಿನ ಟಿಇ (ಟಾಕ್ ಎನೇಬಲ್) ಪಿನ್ ಸೇರಿಸಿ ಆರ್ಡುಯಿನೋದ ಒಂದು ಪಿನ್ನಿಗೆ ಕೊಡಿ: ಹೈ ಅಂದ್ರೆ ಕಳಿಸೋದು, ಲೋ ಅಂದ್ರೆ ಕೇಳೋದು.

ಎಡವಟ್ಟಾಗೋದು ಪ್ರೋಗ್ರಾಮಿನಲ್ಲಿ. ಕೇಳೋದಕ್ಕೆ ಬದಲಾಗುವಾಗ ಮೊದಲು ಆರ್ಡುಯಿನೋದ ಡೇಟಾ ಪಿನ್‌ಗಳನ್ನು ಇನ್‌ಪುಟ್ ಮಾಡಿ, ಆಮೇಲೆ ಟಿಇ ಲೋ ಮಾಡಿ. ಕಳಿಸುವಾಗ ಮೊದಲು ಟಿಇ ಹೈ, ಆಮೇಲೆ ಔಟ್‌ಪುಟ್. ತಿರುಗುಮುರುಗಾದರೆ ಎರಡು ಔಟ್‌ಪುಟ್ ಎದುರುಬದುರು ಗುದ್ದಾಡುತ್ತವೆ. ಬೈಟ್ ಕೊಟ್ಟೆ, ತಗೊಂಡೆ ಅಂತ ಹೇಳುವ ಹ್ಯಾಂಡ್‌ಶೇಕ್ ಲೈನುಗಳಾದ ಡಿಎವಿ, ಎನ್ಆರ್‌ಎಫ್‌ಡಿ, ಎನ್‌ಡಿಎಸಿ ಕೂಡ ಟಿಇ ಜೊತೆಗೇ ದಿಕ್ಕು ಬದಲಿಸುತ್ತವೆ, ಡಿಎವಿಗೆ ಇದೇ ಕ್ರಮ, ಉಳಿದೆರಡರ ದಿಕ್ಕು ಅದಕ್ಕೆ ಉಲ್ಟಾ: ಕಳಿಸುವಾಗ ಟಿಇ ಹೈ ಮಾಡುವ ಮೊದಲೇ ಅವನ್ನು ಇನ್‌ಪುಟ್ ಮಾಡಿ, ಕೇಳುವಾಗ ಟಿಇ ಲೋ ಆದಮೇಲೆ ಔಟ್‌ಪುಟ್.

ಪ್ರತಿ ಚಿಪ್ಪಿನ ಪಕ್ಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಐಸಿ ಸಾಕೆಟ್ ಹಾಕಿದ್ರೆ ಇನ್ನೂ ಒಳ್ಳೇದು, ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಹಳೇ ಚಿಪ್ ಕೈಕೊಟ್ಟರೆ ಸುಮ್ನೆ ಕಿತ್ತು ಬೇರೆ ಹಾಕಬಹುದು.